ಕ್ಲಿನಿಕ್ಕೋ, ದೊಡ್ಡ ಆಸ್ಪತ್ರೆಯೋ, ಮನೆಗೇ ಬರುವ ಡಾಕ್ಟರೋ?

ಮನೆಯಲ್ಲಿ ಒಂದು ನಾಯಿ, ಒಂದು ಗಂಡು ಬೆಕ್ಕು ಇವೆ. ಇವೆರಡರ ನೆಪದಲ್ಲಿ ಮೂರೂ ಬಗೆಯ ಡಾಕ್ಟರನ್ನು ನೋಡಿಯಾಗಿದೆ. ಒಂದನ್ನೇ ಆರಿಸಿ ಅಂದರೆ ನನ್ನ ಓಟು ಹತ್ತಿರದ ಸಣ್ಣ ಕ್ಲಿನಿಕ್ಕಿಗೆ. ಆದರೆ ರಾತ್ರಿಯೂ ತೆರೆದಿರುವ ಆಸ್ಪತ್ರೆಯ ದಾರಿ, ಫೋನ್ ನಂಬರು ಮೊದಲೇ ಗೊತ್ತಿರಲೇಬೇಕು.

ಕ್ಲಿನಿಕ್ಕಿನ ದೊಡ್ಡ ಬಲ ಅಂದರೆ ಡಾಕ್ಟರ ನೆನಪು. ನಾಯಿ ಸಪ್ಪಗಿದೆ ಅಂತ ಕರೆದುಕೊಂಡು ಹೋದಾಗ ಅವರು ತೂಕ ನೋಡಿ, ಹಳೇ ಚೀಟಿ ತೆರೆಯುವ ಮೊದಲೇ "ಹೋದ ಸಲಕ್ಕಿಂತ ಇಳಿದಿದ್ದಾನೆ" ಅಂದರು. ಆಮೇಲೆ ತುಟಿ ಎತ್ತಿ ವಸಡನ್ನು ಬೆರಳಿಂದ ಒತ್ತಿ ಬಿಟ್ಟರು. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು, ತಡವಾದರೆ ರಕ್ತಸಂಚಾರ ಸರಿಯಿಲ್ಲ ಅಂತ ಅರ್ಥ. ಕಿವಿಯ ಮಡಿಕೆ, ಕಾಲ್ಬೆರಳ ಸಂದಿಗಳಲ್ಲಿ ಉಣ್ಣಿ ಹುಡುಕಿದರು. ಜ್ವರ ಇತ್ತು, ನಾಯಿಗೆ 39.2 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾಮೂಲು, ಅದು ಅದಕ್ಕಿಂತಲೂ ಮೇಲಿತ್ತು. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಬಂತು, ಉಣ್ಣಿ ಜ್ವರ ಅಂತ ಗೊತ್ತಾಯಿತು. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಕೊಟ್ಟರು. ನಾಯಿ ಬೇಗನೆ ಗೆಲುವಾದರೂ ಕೋರ್ಸ್ ಪೂರ್ತಿ ಮುಗಿಸಿ ಅಂತ ಅವರೇ ಫೋನ್ ಮಾಡಿ ನೆನಪಿಸಿದರು. ಇಂಥ ಕಾಳಜಿ ದೊಡ್ಡ ಜಾಗದಲ್ಲಿ ನನಗೆ ಸಿಕ್ಕಿಲ್ಲ.

ಆದರೆ ಬೆಕ್ಕಿನ ಮೂತ್ರ ಕಟ್ಟಿದಾಗ ಆ ಕ್ಲಿನಿಕ್ ಸಾಲಲಿಲ್ಲ. ಗಂಡು ಬೆಕ್ಕು ಮತ್ತೆ ಮತ್ತೆ ಮರಳಿನ ತಟ್ಟೆಯಲ್ಲಿ ಕೂತು ತಿಣುಕುತ್ತಿದ್ದರೂ ಒಂದು ಹನಿ ಮೂತ್ರ ಬರದಿದ್ದರೆ ಬೆಳಗಾಗಲಿ ಅಂತ ಕಾಯಬಾರದು. ರಕ್ತದಲ್ಲಿ ಪೊಟ್ಯಾಶಿಯಂ ಏರಿ ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು. ಅರಿವಳಿಕೆ ಕೊಟ್ಟು ಮೂತ್ರ ಹೊರಬರಲು ಕ್ಯಾತಿಟರ್ ಅನ್ನುವ ಸಣ್ಣ ನಳಿಕೆ ಹಾಕಬೇಕು, ಡ್ರಿಪ್ ಏರಿಸಬೇಕು, ರಾತ್ರಿಯಿಡೀ ಒಬ್ಬರು ನೋಡಿಕೊಳ್ಳಬೇಕು. ಅದು ಆಸ್ಪತ್ರೆಯ ಕೆಲಸ, ಅದನ್ನು ಅವರು ಚೆನ್ನಾಗಿ ಮಾಡಿದರು. ಅಲ್ಲಿನ ಕೊರತೆ ಬೇರೆ. ಹೋದಾಗಲೆಲ್ಲ ಹೊಸ ಡಾಕ್ಟರು, ಕಥೆ ಮೊದಲಿಂದ ಹೇಳಬೇಕು, ಹಳೇ ರಿಪೋರ್ಟ್ ಕೈಯಲ್ಲಿ ಇಲ್ಲದಿದ್ದರೆ ಅದೇ ಪರೀಕ್ಷೆ ಇನ್ನೊಮ್ಮೆ. ಈಗ ಎಲ್ಲ ರಿಪೋರ್ಟಿನ ಪ್ರತಿ ಕೇಳಿ ಪಡೆದು ಒಂದೇ ಫೈಲಿನಲ್ಲಿ ಇಡುತ್ತೇನೆ.

ಮನೆಗೆ ಬರುವ ಡಾಕ್ಟರು ಲಸಿಕೆಗೆ, ಬುಟ್ಟಿ ಕಂಡರೇ ಹೆದರುವ ಬೆಕ್ಕಿಗೆ, ಏಳಲಾಗದ ಮುದಿ ನಾಯಿಗೆ ಸರಿ. ಎಕ್ಸ್‌ರೇ ಬೇಕಾದರೆ ಹೇಗೂ ಹೊರಡಲೇಬೇಕು.

ದುಡ್ಡಿನ ವಿಷಯದಲ್ಲೂ ಎರಡು ದಾರಿ ನೋಡಿದ್ದೇನೆ. ನಾಯಿಗೆ ಇನ್ಶೂರೆನ್ಸ್, ಬೆಕ್ಕಿಗೆ ತಿಂಗಳು ತಿಂಗಳು ಬೇರೆ ಖಾತೆಗೆ ಹಾಕುವ ಹಣ. ಸಾಮಾನ್ಯವಾಗಿ ಇನ್ಶೂರೆನ್ಸ್‌ನವರು ಮೊದಲೇ ಇರುವ ಕಾಯಿಲೆಗೆ ಕೊಡುವುದಿಲ್ಲ, ಶುರುವಿನಲ್ಲಿ ಕಾಯುವ ಅವಧಿ ಇರುತ್ತದೆ, ಬಹಳ ಕಡೆ ಬಿಲ್ಲನ್ನು ನಾವೇ ಕಟ್ಟಿ ಆಮೇಲೆ ಕ್ಲೇಮು ಮಾಡಬೇಕು. ಹಾಗಾಗಿ ಪ್ರಾಣಿ ಮರಿಯಾಗಿದ್ದಾಗ ಮಾಡಿಸಿದರೇ ಪ್ರಯೋಜನ. ಉಳಿತಾಯಕ್ಕೆ ಈ ಷರತ್ತುಗಳಿಲ್ಲ, ಆದರೆ ಅದು ತುಂಬುವ ಮೊದಲೇ ಆಪರೇಷನ್ ಬಂದರೆ ಕಷ್ಟ. ಲಸಿಕೆ, ಜಂತಿನ ಮಾತ್ರೆ, ಉಣ್ಣಿ ಔಷಧಿ, ಹಲ್ಲು ಕ್ಲೀನಿಂಗಿಗೆ ಉಳಿತಾಯ; ಆಪರೇಷನ್ನಿಗೆ ಇನ್ಶೂರೆನ್ಸ್. ನನಗೆ ಹೊಂದಿದ್ದು ಈ ಎರಡೂ ಸೇರಿದ ಲೆಕ್ಕ. ಲಸಿಕೆಯಲ್ಲಿ ಮಾತ್ರ ಜಿಪುಣತನ ಬೇಡ. ನಾಯಿಮರಿಗೆ 6ರಿಂದ 8 ವಾರಕ್ಕೆ ಶುರುಮಾಡಿ 16 ವಾರ ತುಂಬುವವರೆಗೆ ಬಿಡದೆ ಹಾಕಿಸಿ. ಪಾರ್ವೋ ಅನ್ನುವ ವೈರಸ್ ಕಾಯಿಲೆ ಬಂದು ದಿನಗಟ್ಟಲೆ ಡ್ರಿಪ್ಪಿನಲ್ಲಿ ಮಲಗಿದ ಮರಿಯನ್ನು ಆಸ್ಪತ್ರೆಯಲ್ಲಿ ನೋಡಿದ್ದೇನೆ, ಕರುಳು ಕಿವುಚುತ್ತದೆ.

ಡಾಕ್ಟರ ಎದುರು ಖರ್ಚಿನ ಮಾತೆತ್ತಲು ಸಂಕೋಚ ಪಡಬೇಡಿ. "ಇಷ್ಟರಲ್ಲಿ ಮೊದಲು ಯಾವುದು ಆಗಲೇಬೇಕು?" ಅಂತ ಕೇಳಿದ್ದಕ್ಕೆ ನಮ್ಮ ಕ್ಲಿನಿಕ್ಕಿನ ಡಾಕ್ಟರು ಪೆನ್ನು ತೆಗೆದು, ಪಟ್ಟಿಯಲ್ಲಿ ರಕ್ತಪರೀಕ್ಷೆಯೊಂದಕ್ಕೇ ಗುರುತು ಹಾಕಿ, ಸ್ಕ್ಯಾನಿಂಗು ಇದರ ರಿಪೋರ್ಟ್ ನೋಡಿಕೊಂಡು ಮಾಡೋಣ ಅಂದರು.