ಎಲ್ಕ್ ಬೇಟೆಗೆ ಸೀಸವೋ ತಾಮ್ರವೋ, ಗಂಡೋ ಹೆಣ್ಣೋ

ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ಗುಂಡು ಪೂರ್ತಿ ತಾಮ್ರದ್ದು, ಮಿಕ ಹೆಣ್ಣು ಎಲ್ಕ್. ಮನೆಗೆ ವರ್ಷಕ್ಕಾಗುವಷ್ಟು ಮಾಂಸ ಬೇಕು ಅಂತ ಕಾಡಿಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ನಾನು ಕಂಡಿಲ್ಲ. ಗೋಡೆಗೆ ಕೊಂಬು ಬೇಕು ಅನ್ನುವವರ ಲೆಕ್ಕ ಬೇರೆ. ಅವರ ವಿಷಯವೂ ಕೆಳಗೆ ಬರುತ್ತದೆ.

ನಾನಿರುವುದು ಕೊಲರಾಡೊದಲ್ಲಿ. ಅಮೆರಿಕದಲ್ಲಿ ಎಲ್ಕ್ ಅತಿ ಹೆಚ್ಚಿರುವ ರಾಜ್ಯ ಇದು. ವಾಯವ್ಯ ಮೂಲೆಯಲ್ಲಿ ಮೀಕರ್, ಕ್ರೇಗ್ ಊರುಗಳ ಆಸುಪಾಸು, ಫ್ಲ್ಯಾಟ್ ಟಾಪ್ಸ್ ಬೆಟ್ಟಗಳಲ್ಲಿ ಓಡಾಡುವ ವೈಟ್ ರಿವರ್ ಹಿಂಡು ರಾಜ್ಯದಲ್ಲೇ ದೊಡ್ಡದು. ಎಲ್ಕ್ ನಮ್ಮ ಕಡವೆಯ ಬಳಗಕ್ಕೇ ಸೇರಿದ ಪ್ರಾಣಿ, ಆದರೆ ಗಾತ್ರದಲ್ಲಿ ಕಡವೆಗಿಂತ ಒಂದು ಕೈ ಮೇಲೆ. ಬಲಿತ ಗಂಡು 300 ಕೆಜಿ ದಾಟುತ್ತದೆ, ಹೆಣ್ಣು 220ರ ಸುತ್ತಮುತ್ತ.

ನಾನು ಕೊಡಗಿನವನು. ಮನೆಯಲ್ಲಿ ಕೋವಿ ಇತ್ತು, ಕೈಲ್ ಮುಹೂರ್ತಕ್ಕೆ ಅದಕ್ಕೆ ಪೂಜೆ ನಡೆಯುತ್ತಿತ್ತು, ತೆಂಗಿನಕಾಯಿಗೆ ಈಡು ಹೊಡೆಯುವ ಪಂದ್ಯವೂ ಇತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಲ್ಲಿ ಬೇಟೆ ಅನ್ನುವುದು ಹಿರಿಯರ ಬಾಯಲ್ಲಿ ಕೇಳುವ ಕಥೆಯಾಯಿತು. ಹಾಗಾಗಿ ಗುರಿ ಊರಿನದಾದರೂ ಬೇಟೆ ಕಲಿತದ್ದು ಇಲ್ಲಿಗೆ ಬಂದ ಮೇಲೆ. 1949ರಿಂದ ಈಚೆಗೆ ಹುಟ್ಟಿದ ಯಾರೇ ಆಗಲಿ, ಇಲ್ಲಿ ಹಂಟರ್ ಎಜುಕೇಶನ್ ತರಗತಿ ಮುಗಿಸದೆ ಬೇಟೆಯ ಪರವಾನಗಿ ಸಿಗುವುದಿಲ್ಲ. ನನ್ನದು ಸೆಕೆಂಡ್ ಹ್ಯಾಂಡ್ ಥರ್ಟಿ-ಆಟ್-ಸಿಕ್ಸ್ ರೈಫಲ್. 1906ರಲ್ಲಿ ಸೈನ್ಯಕ್ಕಾಗಿ ಬಂದ ಆ ತೋಟಾ ಇವತ್ತಿಗೂ ಹಳ್ಳಿ ಹಳ್ಳಿಯ ಅಂಗಡಿಯಲ್ಲಿ ಸಿಗುತ್ತದೆ. ಹೆಚ್ಚು ಮದ್ದು ತುಂಬಿದ ಹೊಸ ಮ್ಯಾಗ್ನಮ್‌ಗಳ ಹಿಂದೆ ನಾನು ಹೋಗಿಲ್ಲ. ಅವುಗಳ ಒದೆತಕ್ಕೆ ಬೆಚ್ಚಿ ಗುರಿ ತಪ್ಪಿಸಿಕೊಳ್ಳುವವರನ್ನು ಗುರಿ ಅಭ್ಯಾಸದ ರೇಂಜ್‌ನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಮೊದಲು ಬಳಸಿದ್ದು ಸಾದಾ ಸೀಸದ ಗುಂಡು: ಒಳಗೆ ಸೀಸ, ಮೇಲೆ ತೆಳ್ಳನೆಯ ತಾಮ್ರದ ಹೊದಿಕೆ. ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ, ನನ್ನ ಕೋವಿಯಲ್ಲಿ ನೇರವಾಗಿ ಹೋಗುತ್ತದೆ. ಸುಮಾರು ಎಪ್ಪತ್ತು ಗಜದಲ್ಲಿ ನಿಂತ ಹೆಣ್ಣಿಗೆ ಅದರಿಂದ ಈಡು ಹೊಡೆದೆ. ಹತ್ತು ಹೆಜ್ಜೆಯೂ ಹೋಗದೆ ಬಿತ್ತು. ಬಿದ್ದದ್ದರ ಬಗ್ಗೆ ದೂರಿಲ್ಲ. ಚರ್ಮ ಬಿಡಿಸಿದಾಗ ಮಾತ್ರ ಹೊಟ್ಟೆ ಉರಿಯಿತು. ಅಷ್ಟು ಹತ್ತಿರದಲ್ಲಿ ವೇಗ ಜಾಸ್ತಿ, ಗುಂಡು ಹೆಗಲ ಮೂಳೆಗೆ ತಾಗಿ ಚೂರುಚೂರಾಗಿತ್ತು. ಒಂದು ಹೆಗಲಿನ ಮಾಂಸ ಪೂರ್ತಿ ರಕ್ತ ಹೆಪ್ಪುಗಟ್ಟಿ ಹಾಳು, ಆ ಕಡೆಯದು ಅರ್ಧ. ಕೆಟ್ಟದ್ದನ್ನೆಲ್ಲ ಕೊಯ್ದು ಬಿಸಾಕಿ ಉಳಿದದ್ದನ್ನು ಖೈಮಾ ಮಾಡಿಸಿದೆವು. ಆ ಖೈಮಾದಲ್ಲಿ ಒಂದು ದಿನ ಹೆಂಡತಿಯ ಹಲ್ಲಿಗೆ ಸೀಸದ ಚೂರು ಸಿಕ್ಕಿತು.

ಹಲ್ಲಿಗೆ ಸಿಕ್ಕಿದ ಚೂರನ್ನು ಉಗುಳಬಹುದು, ಸಿಗದಷ್ಟು ಸಣ್ಣವು ಹೊಟ್ಟೆಗೇ ಹೋಗುತ್ತವೆ. 2008ರಲ್ಲಿ ಉತ್ತರ ಡಕೋಟಾದ ಒಬ್ಬ ವೈದ್ಯರು, ಬಡವರಿಗೆಂದು ಬೇಟೆಗಾರರು ದಾನ ಕೊಟ್ಟ ಜಿಂಕೆ ಖೈಮಾದ ಪೊಟ್ಟಣಗಳನ್ನು ಸ್ಕ್ಯಾನ್ ಮಾಡಿಸಿ ನೋಡಿದಾಗ ಬಹಳಷ್ಟರಲ್ಲಿ ಲೋಹದ ಚೂರು ಕಂಡವು. ಆ ಮಾಂಸ ಹಂಚಬೇಡಿ ಎಂದು ರಾಜ್ಯದ ಆರೋಗ್ಯ ಇಲಾಖೆಯೇ ಹೇಳಬೇಕಾಯಿತು. ಮನೆಯಲ್ಲಿ ಸಣ್ಣ ಮಕ್ಕಳಿರುವ ನನಗೆ ಇಷ್ಟು ಸಾಕಾಗಿತ್ತು. ನಾವು ಕಾಡಲ್ಲಿ ಬಿಟ್ಟುಬರುವ ಕರುಳು ಹದ್ದುಗಳ ಪಾಲಾಗುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿತ್ತು. ಹೆಚ್ಚುಕಮ್ಮಿ ಅರ್ಧದಷ್ಟರ ಮೈಯಲ್ಲಿ ಸೀಸದ ವಿಷ ಬಹುಕಾಲದಿಂದ ಸೇರಿಕೊಂಡ ಗುರುತು ಸಿಕ್ಕಿತು. ಕ್ಯಾಲಿಫೋರ್ನಿಯಾ ತನ್ನ ಕಾಂಡೋರ್ ರಣಹದ್ದುಗಳ ಸಲುವಾಗಿ 2019ರ ಜುಲೈಯಿಂದ ಬೇಟೆಗೆ ಸೀಸವನ್ನೇ ಪೂರ್ತಿ ನಿಷೇಧಿಸಿದೆ. ಕೊಲರಾಡೊದಲ್ಲಿ ಎಲ್ಕ್ ಬೇಟೆಗೆ ಅಂಥ ನಿಷೇಧವಿಲ್ಲ, ನಾನೇ ಬಿಟ್ಟೆ.

ನೋಸ್ಲರ್ ಪಾರ್ಟಿಷನ್ ಗುಂಡಿಗೆ ಬರೋಣ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನೋಸ್ಲರ್ ಎಂಬಾತ, ಮೈಗೆಲ್ಲ ಕೆಸರು ಮೆತ್ತಿಕೊಂಡಿದ್ದ ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಒಂದಕ್ಕೆ ಹೊಡೆದ ಗುಂಡು ಆಳಕ್ಕೆ ಇಳಿಯಲೇ ಇಲ್ಲವಂತೆ. ಅದೇ ಕಾರಣಕ್ಕೆ ನಡುವೆ ತಾಮ್ರದ ಅಡ್ಡಗೋಡೆ ಇರುವ ಗುಂಡು ಮಾಡಿದ, 1948ರಲ್ಲಿ ಕಂಪನಿಯನ್ನೇ ತೆರೆದ. ಮುಂದಿನ ಅರ್ಧ ಒಡೆದು ಗಾಯ ಮಾಡುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಆಚೆ ದಾಟುತ್ತದೆ. ಈ 180 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಗುಂಡಿನಲ್ಲಿ ಹೊಡೆದ ಗಂಡು ಎಲ್ಕ್‌ನ ಪಕ್ಕೆಯಲ್ಲಿ ಎರಡೂ ಕಡೆ ತೂತಿತ್ತು, ಮಾಂಸವೂ ಹೆಚ್ಚು ಹಾಳಾಗಿರಲಿಲ್ಲ. ಬಹಳ ಒಳ್ಳೆಯ ಗುಂಡು. ಆದರೂ ಒಡೆಯುವ ಆ ಮುಂದಿನ ಅರ್ಧ ಸೀಸವೇ, ನನ್ನ ತಕರಾರು ಅದೊಂದೇ. ಹೊದಿಕೆಯನ್ನು ಸೀಸಕ್ಕೆ ಬೆಸೆದ ಬಾಂಡೆಡ್ ಗುಂಡುಗಳಿಗೂ ಇದೇ ಮಾತು.

ಕೊನೆಗೆ ತಾಮ್ರ. ಇದರಲ್ಲಿ ಸೀಸವೇ ಇಲ್ಲ. ಮೈಗೆ ಹೊಕ್ಕ ಕೂಡಲೇ ತುದಿ ನಾಲ್ಕು ಎಸಳಾಗಿ ಹೂವಿನ ಹಾಗೆ ಅರಳುತ್ತದೆ, ತೂಕ ಬಹುಪಾಲು ಹಾಗೇ ಉಳಿಯುತ್ತದೆ. ಬಾರ್ನ್ಸ್ ಕಂಪನಿ ಈ ದಾರಿ ತೋರಿಸಿದ ಮೇಲೆ ಈಗ ದೊಡ್ಡ ಕಂಪನಿಗಳೆಲ್ಲ ಮಾಡುತ್ತಿವೆ. ಹೆಗಲಿಗೆ ಬಡಿದರೂ ತೂತಿನ ಸುತ್ತ ಅಂಗೈಯಷ್ಟು ಮಾಂಸ ಕೊಯ್ದು ತೆಗೆದರೆ ಮಿಕ್ಕಿದ್ದೆಲ್ಲ ತಿನ್ನಲು ಯೋಗ್ಯ.

ಇದರಲ್ಲಿ ನನಗೆ ತಲೆನೋವು ತಂದದ್ದು ಒಂದೇ ವಿಷಯ. ಆದರೆ ಅದು ಒಂದು ಇಡೀ ಬೇಸಿಗೆ ತಿಂದಿತು. ನನ್ನ ಹಳೆಯ ಕೋವಿಗೆ ತಾಮ್ರ ಒಗ್ಗಲಿಲ್ಲ.

ಸೀಸದಲ್ಲಿ ರೂಢಿಯಾಗಿದ್ದ 180 ಗ್ರೇನ್ ತೂಕವನ್ನೇ ತಾಮ್ರದಲ್ಲೂ ಕೊಂಡೆ. ನೂರು ಗಜದಲ್ಲಿ ಸೀಸದ ಮೂರು ಗುಂಡು ಒಂದೂವರೆ ಇಂಚಿನೊಳಗೆ ಬೀಳುತ್ತಿದ್ದ ಕೋವಿಯಲ್ಲಿ ತಾಮ್ರದವು ನಾಲ್ಕು ಇಂಚು ಚದುರಿದವು. ಸ್ಕೋಪಿನ ಸ್ಕ್ರೂ ಬಿಗಿ ಮಾಡಿದೆ, ಮರಳಿನ ಚೀಲ ಬದಲಿಸಿದೆ, ನಳಿಗೆ ಪೂರ್ತಿ ಆರಲು ಬಿಟ್ಟು ಹೊಡೆದೆ. ಅದೇ ಕಥೆ. ಒಂದೊಂದು ಈಡಿಗೂ ಎರಡೂವರೆ ಡಾಲರ್ ಮೇಲೆ ಬೀಳುವಾಗ ಇದು ಸಣ್ಣ ಬೇಜಾರಲ್ಲ. ಪೆಟ್ಟಿಗೆಯಲ್ಲಿ ಇಪ್ಪತ್ತೇ ತೋಟಾ, ನೋಡುತ್ತಿದ್ದಂತೆ ಖಾಲಿ.

ರೇಂಜ್‌ನಲ್ಲಿ ಸಿಗುವ ಹಿರಿಯರೊಬ್ಬರು ನಳಿಗೆಯೊಳಗೆ ಇಣುಕಿ, ಇದನ್ನು ಯಾರೂ ಸರಿಯಾಗಿ ತೊಳೆದೇ ಇಲ್ಲ ಅಂದರು. ಹಿಂದಿನ ಮಾಲೀಕರ ಕಾಲದಿಂದ ಗುಂಡಿನ ಹೊದಿಕೆಯ ತಾಮ್ರ ಪದರ ಪದರವಾಗಿ ಒಳಗೆ ಕೂತಿತ್ತು. ಅದರ ಮೇಲೆ ಪೂರ್ತಿ ತಾಮ್ರದ ಗುಂಡು ಓಡಿದರೆ ಗುರಿ ಇನ್ನಷ್ಟು ಕೆಡುತ್ತದೆ. ತಾಮ್ರ ಕರಗಿಸುವ ದ್ರಾವಣ ತಂದು ಬಟ್ಟೆ ತುಂಡು ಹಾಯಿಸಿದರೆ ಕಡು ನೀಲಿಯಾಗಿ ಹೊರಬಂತು. ನೀಲಿ ಬರುವುದು ನಿಲ್ಲುವ ತನಕ ಮೂರ್ನಾಲ್ಕು ಸಂಜೆ ತಿಕ್ಕಿದೆ. ನಾಲ್ಕು ಇಂಚು ಎರಡೂವರೆಗೆ ಇಳಿಯಿತು.

ಉಳಿದದ್ದು ತೂಕದ ಸಮಸ್ಯೆ. ತಾಮ್ರ ಸೀಸಕ್ಕಿಂತ ಹಗುರ ಲೋಹ. ಸೀಸದ ಸಾಂದ್ರತೆ 11.3, ತಾಮ್ರದ್ದು 8.9. ಅಷ್ಟೇ ತೂಕ ಬರಬೇಕಾದರೆ ಗುಂಡು ಉದ್ದವಾಗಬೇಕು. ತೋಟಾದ ಒಟ್ಟು ಉದ್ದ ಮಾತ್ರ ಹೆಚ್ಚುವ ಹಾಗಿಲ್ಲ, ಆದ್ದರಿಂದ ಗುಂಡು ಒಳಗೆ ಇಳಿದು ಮದ್ದಿನ ಜಾಗ ತಿನ್ನುತ್ತದೆ. ಹಾಗಾಗಿ ತಾಮ್ರಕ್ಕೆ ಬಂದವರು ತೂಕದಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಬೇಕು ಅಂತ ಆ ಹಿರಿಯರೇ ಹೇಳಿದರು. 165 ಗ್ರೇನ್, ಅಂದರೆ ಸುಮಾರು 10.7 ಗ್ರಾಂ ಗುಂಡು ತಂದೆ. ಮೂರು ಗುಂಡು ಬಿದ್ದ ಗುಂಪು ಒಂದೂಕಾಲು ಇಂಚಿಗೆ ಬಂತು. ತೂಕ ಇಳಿಯಿತಲ್ಲ, ಎಲ್ಕ್‌ಗೆ ಸಾಲುತ್ತದೆಯೇ ಅಂತ ಅಳುಕಬೇಕಿಲ್ಲ. ಚೂರಾಗದ ಗುಂಡು ಕಡಿಮೆ ತೂಕದಲ್ಲೂ ಆಳಕ್ಕೆ ಹೋಗುತ್ತದೆ. ಕೊಲರಾಡೊ ನಿಯಮವೂ ಎಲ್ಕ್‌ಗೆ ಕನಿಷ್ಠ 85 ಗ್ರೇನ್, ನೂರು ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ ಅನ್ನುತ್ತದೆ. ಎರಡನ್ನೂ ದಾಟಿ ಎಷ್ಟೋ ಮುಂದಿದ್ದೇವೆ.

ಅಷ್ಟರಲ್ಲಿ ಸೆಪ್ಟೆಂಬರ್ ಬಂದಿತ್ತು, ಅಂಗಡಿಯ ಕಪಾಟಿನಲ್ಲಿ ಆ 165 ಗ್ರೇನ್ ಖಾಲಿ. ಸೀಸದ ತೋಟಾದಲ್ಲಿ ಅಭ್ಯಾಸ ಮಾಡೋಣವೆಂದರೆ ಅದು ನನ್ನ ಕೋವಿಯಲ್ಲಿ ಮೂರು ಇಂಚು ಎಡಕ್ಕೆ ಬೀಳುತ್ತದೆ. ಈಗ ಮಾರ್ಚ್‌ನಲ್ಲೇ ಒಂದೇ ಲಾಟ್ ನಂಬರಿನ, ಅಂದರೆ ಒಂದೇ ಕಂತಿನಲ್ಲಿ ತಯಾರಾದ, ಎರಡು ಪೆಟ್ಟಿಗೆ ಕೊಂಡಿಡುತ್ತೇನೆ. ಸ್ಕೋಪಿನ ಗುರಿ ತಾಮ್ರಕ್ಕೇ ಹೊಂದಿಸುವುದು, ಕೂತು, ಮಂಡಿಯೂರಿ, ಕೋಲಿಗೆ ಆನಿಸಿ ಹೊಡೆಯುವ ಅಭ್ಯಾಸವೆಲ್ಲ ಅಗ್ಗದ ಸಣ್ಣ ತೋಟಾದ ಪಾಯಿಂಟ್ ಟೂ-ಟೂ ರೈಫಲ್‌ನಲ್ಲಿ. ಖರ್ಚು ಹಿಡಿತಕ್ಕೆ ಬಂದದ್ದು ಹೀಗೆ.

ಇನ್ನೊಂದು ಕೊರತೆ: ದೂರ ಹೋಗಿ ವೇಗ ಇಳಿದರೆ ತಾಮ್ರ ಸರಿಯಾಗಿ ಅರಳುವುದಿಲ್ಲ. ನಾನು 250 ಗಜ ಮೀರಿ ಹೊಡೆಯುವುದಿಲ್ಲ, ನನಗದು ಅಡ್ಡಿಯಾಗಿಲ್ಲ.

ಈಗ ಗಂಡೋ ಹೆಣ್ಣೋ. ಗುಂಡಿನ ಆಯ್ಕೆಯೂ ಇದೂ ಬೇರೆಬೇರೆ ಅಂದುಕೊಳ್ಳುವವರು ಹೆಚ್ಚು. ನನಗೆ ಅವು ಒಂದೇ ನಿರ್ಧಾರ. ತಾಮ್ರದ ಗುಂಡು ಬಹುತೇಕ ಯಾವಾಗಲೂ ಆಚೆ ಬದಿಯಿಂದ ಹೊರಗೆ ಹೋಗುತ್ತದೆ. ಗಂಡು ಒಂಟಿಯಾಗಿಯೋ ಇನ್ನೆರಡು ಗಂಡುಗಳ ಜೊತೆಯೋ ಇರುತ್ತದೆ, ಅಲ್ಲಿ ತೊಂದರೆ ಕಡಿಮೆ. ಹೆಣ್ಣುಗಳು ಹಿಂಡಿನಲ್ಲಿ ಒಂದರ ಹಿಂದೆ ಒಂದು ಒತ್ತಿಕೊಂಡು ನಿಲ್ಲುತ್ತವೆ. ನೀವು ಗುರಿಯಿಟ್ಟ ಹೆಣ್ಣಿನ ಹಿಂದೆ ಇನ್ನೊಂದಿದ್ದರೆ ಒಂದೇ ಈಡಿಗೆ ಎರಡೂ ಗಾಯಗೊಳ್ಳುತ್ತವೆ. ನಿಮ್ಮ ಕೈಯಲ್ಲಿರುವುದು ಒಂದೇ ಪರವಾನಗಿ. ಹಾಗಾಗಿ ಹಿಂದೆ ಬರೀ ಮಣ್ಣು ಅಥವಾ ಬೆಟ್ಟದ ಮೈ ಕಾಣುವ ತನಕ ಕಾಯಲೇಬೇಕು. ಬೆರಳು ಮರಗಟ್ಟುವ ಚಳಿಯಲ್ಲಿ ಸ್ಕೋಪಿಗೆ ಕಣ್ಣಿಟ್ಟು ಕಾದು, ಕೊನೆಗೆ ಇಡೀ ಹಿಂಡೇ ಮರಗಳೊಳಗೆ ನಡೆದುಹೋದದ್ದೂ ಉಂಟು. ಅಂಥ ದಿನ ಬರಿಗೈಯಲ್ಲಿ ಬರುವುದೇ ಸರಿ.

ಗಂಡಿನ ಕಡೆ ಬೇರೆ ಬಗೆಯ ಕಷ್ಟ. ಕೊಲರಾಡೊದ ಬಹುತೇಕ ವಲಯಗಳಲ್ಲಿ ಗಂಡಿನ ಒಂದು ಕೊಂಬಿಗಾದರೂ ನಾಲ್ಕು ಕವಲು ಇರಬೇಕು, ಇಲ್ಲದಿದ್ದರೆ ಹಣೆಯ ಮೇಲಿನ ಕವಲು ಐದು ಇಂಚಾದರೂ ಇರಬೇಕು. ಮಬ್ಬು ಬೆಳಕಿನಲ್ಲಿ, ಕೊಂಬೆಗಳ ಸಂದಿಯಲ್ಲಿ ಅದನ್ನು ಎಣಿಸಿ ನೋಡಿ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲವರೆಗೆ ಬೆದೆಗಾಲ. ಮೇವು ಬಿಟ್ಟು ಕಾದಾಡಿದ ಗಂಡು ರೈಫಲ್ ಸೀಸನ್ ಶುರುವಾಗುವ ಹೊತ್ತಿಗೆ ಸೊರಗಿರುತ್ತದೆ, ಮಾಂಸ ನಾರುನಾರು. ಮೂಳೆ ತೆಗೆದರೆ ಗಂಡಿನಿಂದ ನೂರು ಕೆಜಿ ಹತ್ತಿರ ಸಿಗಬಹುದು, ಹೆಣ್ಣಿನಿಂದ ಎಪ್ಪತ್ತು. ಒಂಬತ್ತೂವರೆ ಸಾವಿರ ಅಡಿ ಎತ್ತರದಿಂದ ಬೆನ್ನ ಮೇಲೆ ಹೊತ್ತು ಇಳಿಸುವವನು ನಾನೇ, ನನ್ನ ಮಂಡಿಗೆ ಎಪ್ಪತ್ತೇ ಸಾಕು.

ಹೆಣ್ಣಿಗೆ ಏಪ್ರಿಲ್ ಮೊದಲ ವಾರದೊಳಗೆ ಅರ್ಜಿ ಹಾಕಿ ಲಾಟರಿ ಕಾಯಬೇಕು. ಅಷ್ಟು ಮಾತ್ರ ರಗಳೆ.

ಮರಿ ಇರುವ ತಾಯಿಯನ್ನು ಹೊಡೆಯುವುದು ಸರಿಯೇ ಅಂತ ಊರಿಗೆ ಫೋನ್ ಮಾಡಿದಾಗಲೆಲ್ಲ ಅಮ್ಮ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಮರಿ ಹುಟ್ಟುವುದು ಮೇ ಕೊನೆ, ಜೂನ್‌ನಲ್ಲಿ. ಅಕ್ಟೋಬರ್ ಕೊನೆಗೆ ಅದು ಹುಲ್ಲು ತಿಂದು ಹಿಂಡಿನ ಜೊತೆ ನಡೆಯುತ್ತಿರುತ್ತದೆ. ಆದರೂ ಬೆನ್ನಿಗೆ ಮರಿ ಅಂಟಿಕೊಂಡಿರುವ ಹೆಣ್ಣನ್ನು ನಾನು ಮುಟ್ಟುವುದಿಲ್ಲ. ಎಲ್ಲಕ್ಕಿಂತ ಮುಂದೆ ನಡೆಯುವ ಹಿರಿಯ ಹೆಣ್ಣನ್ನೂ ಬಿಡುತ್ತೇನೆ, ಚಳಿಗಾಲದ ಮೇವಿನ ಜಾಗ ಹಿಂಡಿಗೆ ತೋರಿಸುವುದು ಅದೇ. ನಡುವೆ ಒಂಟಿಯಾಗಿ ಮೇಯುವ, ಮರಿಯಿಲ್ಲದ ಹೆಣ್ಣು ಸಿಕ್ಕರೆ ಅದು. ಹಿಂಡಿನ ಸಂಖ್ಯೆ ಹತೋಟಿಗೆ ಬರುವುದೂ ಹೆಣ್ಣಿನ ಬೇಟೆಯಿಂದಲೇ, ಗಂಡು ಹೊಡೆದರೆ ಸಂಖ್ಯೆ ಅಷ್ಟಾಗಿ ಇಳಿಯುವುದಿಲ್ಲ. 2022-23ರ ಭೀಕರ ಚಳಿಗಾಲದಲ್ಲಿ ವಾಯವ್ಯ ಭಾಗದ ಎಲ್ಕ್‌ಗಳು ತುಂಬ ಸತ್ತಾಗ 2023ರ ಬೇಟೆಯ ಪರವಾನಗಿಗಳನ್ನು ರಾಜ್ಯದ ವನ್ಯಜೀವಿ ಇಲಾಖೆ ಬಹಳಷ್ಟು ಕಡಿತ ಮಾಡಿತು. ಆ ಲೆಕ್ಕಾಚಾರದ ಮೇಲೆ ನನಗೆ ನಂಬಿಕೆಯಿದೆ.

ಮರಿಯನ್ನೂ ಕೊಂಬಿಲ್ಲದ ಎಲ್ಕ್‌ನ ಪರವಾನಗಿಯಲ್ಲಿ ಹೊಡೆಯಬಹುದು. ಮಾಂಸ ಎಲ್ಲಕ್ಕಿಂತ ಮೆದು. ನನಗೆ ಮನಸ್ಸು ಬರುವುದಿಲ್ಲ.

ಅಡುಗೆಮನೆಯ ಮಾತಿಗೆ ಬಂದರೆ, ಹೆಣ್ಣು ಎಲ್ಕ್‌ನ ಹೆಗಲಿನ ಮಾಂಸವನ್ನು ನಾವು ಪಂದಿಕರಿ ಮಸಾಲೆಯಲ್ಲೇ ಬೇಯಿಸಿ ಕಾಚಂಪುಳಿ ಹಾಕುತ್ತೇವೆ. ಹಂದಿಯ ಹಾಗೆ ಕೊಬ್ಬಿಲ್ಲ, ಒಂದು ಹಿಡಿ ಹಂದಿಕೊಬ್ಬು ಸೇರಿಸಿದರೆ ಸರಿಹೋಗುತ್ತದೆ. ಸೀಸದ ಗುಂಡಿನ ದಿನಗಳಲ್ಲಿ ನಾನು ಬಿಸಾಕಿದ್ದು ಇದೇ ಹೆಗಲನ್ನು. ಬೇಯಿಸುವ ಮುಂಚೆ ತಲೆಯನ್ನು ಇಲಾಖೆಯ ಕೇಂದ್ರಕ್ಕೆ ಕೊಟ್ಟು ಕ್ರಾನಿಕ್ ವೇಸ್ಟಿಂಗ್ ಎಂಬ, ಜಿಂಕೆ ಬಳಗದ ಪ್ರಾಣಿಗಳಿಗೆ ಬರುವ ಮಿದುಳಿನ ರೋಗದ ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವ ತನಕ ಮಾಂಸ ಫ್ರೀಜರ್‌ನಲ್ಲೇ ಇರಲಿ. ಗಂಡಾಗಲಿ ಹೆಣ್ಣಾಗಲಿ, ಇದರಲ್ಲಿ ರಾಜಿ ಬೇಡ.

ಕೊಂಬಿಗಾಗಿ ಹೋಗುವವರು, ಕಣಿವೆಯ ಆಚೆ ದಡಕ್ಕೆ 350 ಗಜ ಹೊಡೆಯುವ ಕೈ ಇರುವವರು 180 ಗ್ರೇನ್ ಪಾರ್ಟಿಷನ್ ಅಥವಾ ಬಾಂಡೆಡ್ ಗುಂಡು ತೆಗೆದುಕೊಳ್ಳಲಿ, ತೂತಿನ ಸುತ್ತ ಧಾರಾಳವಾಗಿ ಕೊಯ್ದು ಬಿಸಾಕಲಿ. ಸಾದಾ ಸೀಸದ್ದು ಎಲ್ಕ್‌ಗೆ ಬೇಡವೇ ಬೇಡ. ಪೆಟ್ಟಿಗೆಯೊಂದಕ್ಕೆ ಇಪ್ಪತ್ತು, ಇಪ್ಪತ್ತೈದು ಡಾಲರ್ ಉಳಿಸಲು ಹೋಗಿ ಆರೇಳು ಕೆಜಿ ಮಾಂಸ ಕಳೆದುಕೊಳ್ಳುತ್ತೀರಿ. ತಾಮ್ರ ಮೊದಲ ಸಲ ಕೊಳ್ಳುವವರು ಒಂದೇ ಪೆಟ್ಟಿಗೆ ತನ್ನಿ, ನಳಿಗೆ ನೀಲಿ ಬಿಡುವುದು ನಿಲ್ಲುವ ತನಕ ತೊಳೆಯಿರಿ, ಗುಂಪು ಬಿಗಿಯಾದರೆ ಅದೇ ಲಾಟ್‌ನ ಇನ್ನೊಂದನ್ನು ಅಂದೇ ತಂದಿಡಿ.