ಹಳೆಯ ಥಿಂಕ್‌ಪ್ಯಾಡ್‌ಗೆ ಯಾವ ಓಎಸ್? ವಿಂಡೋಸ್ 10, ಕ್ರೋಮ್ ಓಎಸ್ ಫ್ಲೆಕ್ಸ್, ಆಂಟಿಎಕ್ಸ್, ಮಿಂಟ್: ಕನ್ನಡ ಬರೆಯುವವರ ಕಣ್ಣಿನಲ್ಲಿ ಒಂದು ಹೋಲಿಕೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಅಲ್ಲಿಂದೀಚೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ಊರಿನ ಕಂಪ್ಯೂಟರ್ ಅಂಗಡಿಯಲ್ಲಾಗಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವವರು ಬೆಲೆ, ಬ್ಯಾಟರಿ ನೋಡುವುದರ ಜೊತೆಗೆ ಅದರಲ್ಲಿ ಯಾವ ಆಪರೇಟಿಂಗ್ ಸಿಸ್ಟಂ (ಓಎಸ್) ಇರಬೇಕೆಂಬುದನ್ನೂ ತಾವೇ ತೀರ್ಮಾನಿಸಬೇಕಾಗಿದೆ. ನಾನು ಹೋಲಿಕೆಗೆ ಬಳಸಿದ್ದು 2012ರಲ್ಲಿ ಮಾರುಕಟ್ಟೆಗೆ ಬಂದ ಥಿಂಕ್‌ಪ್ಯಾಡ್ ಎಕ್ಸ್230. ಮೂರನೆಯ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, 320 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್, ಹನ್ನೆರಡೂವರೆ ಇಂಚಿನ ಪರದೆ. ನನ್ನ ಕೆಲಸ ಬಹುಪಾಲು ಕನ್ನಡ ಬರಹದ್ದು: ಲೇಖನ ಟೈಪ್ ಮಾಡುವುದು, ಕರಡು ತಿದ್ದುವುದು, ನುಡಿ ತಂತ್ರಾಂಶದಲ್ಲಿ ಹಿಂದೆಂದೋ ಸಿದ್ಧಪಡಿಸಿದ ಕಡತಗಳನ್ನು ತೆರೆಯುವುದು. ಆದ್ದರಿಂದ ಇಲ್ಲಿನ ಅಳತೆಗೋಲೂ ಅದೇ. ಆಟ ಆಡುವವರಿಗೋ ವಿಡಿಯೊ ಎಡಿಟ್ ಮಾಡುವವರಿಗೋ ಈ ತೀರ್ಮಾನಗಳು ಒದಗಲಾರವು.

ಓಎಸ್‌ಗಳ ಮಾತಿಗೆ ಮೊದಲು ಡಿಸ್ಕಿನ ಮಾತು ಹೇಳಬೇಕು. ತಿರುಗುವ ಹಾರ್ಡ್ ಡಿಸ್ಕಿನ ಮೇಲೆ ನಾಲ್ಕನ್ನೂ ಓಡಿಸಿ ನೋಡಿದಾಗ ಅವುಗಳ ನಡುವಿನ ವೇಗದ ಅಂತರ ಎದ್ದು ಕಾಣುತ್ತಿತ್ತು. ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕಾದ ಎಸ್‌ಎಸ್‌ಡಿ ಹಾಕಿ ರ‍್ಯಾಮನ್ನು 8 ಜಿಬಿಗೆ ಏರಿಸಿದ ಮೇಲೆ ಆ ಅಂತರದ ಬಹುಭಾಗ ಕರಗಿಹೋಯಿತು. ಈ ಯಂತ್ರದಲ್ಲಿ ಡಿಡಿಆರ್3 ರ‍್ಯಾಮಿಗೆ ಎರಡು ಸ್ಲಾಟುಗಳಿವೆ, ಡಿಸ್ಕಿನ ಜಾಗದಲ್ಲಿ 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ ಸರಿಯಾಗಿ ಕೂರುತ್ತದೆ. ಹಳೆಯ ಡಿಸ್ಕನ್ನೇ ಉಳಿಸಿಕೊಂಡು ಹಗುರವಾದ ಓಎಸ್‌ಗಾಗಿ ಅಲೆಯುವುದಕ್ಕಿಂತ ಮೊದಲು ಎಸ್‌ಎಸ್‌ಡಿಗೆ ಹಣ ಹಾಕುವುದು ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಇದರೊಂದಿಗೆ ಕೊಳ್ಳುವಾಗಲೇ ಬಯೋಸ್ (ಓಎಸ್‌ಗೂ ಮುಂಚೆ ತೆರೆಯುವ, ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆ) ತೆರೆದು ಅಲ್ಲಿ ಹಿಂದಿನ ಮಾಲೀಕರ ಪಾಸ್‌ವರ್ಡ್ ಇದೆಯೇ ಎಂದು ನೋಡಿಕೊಳ್ಳಬೇಕು. ಅದಿದ್ದರೆ ಪೆನ್ ಡ್ರೈವ್‌ನಿಂದ ಬೂಟ್ ಮಾಡುವುದೇ, ಅಂದರೆ ಯಂತ್ರವನ್ನು ಆರಂಭಿಸುವುದೇ, ಕಷ್ಟವಾಗಬಹುದು. ಬೋರ್ಡಿನ ಮೇಲಿನ ಪುಟ್ಟ ಸೆಲ್ ಸತ್ತಿದ್ದರೆ ದಿನಾಂಕ ಹಿಂದಕ್ಕೆ ಹೋಗುತ್ತದೆ, ಆಗ ಬ್ರೌಸರ್ ಯಾವ ಜಾಲತಾಣದ ಪ್ರಮಾಣಪತ್ರವನ್ನೂ ನಂಬುವುದಿಲ್ಲ. ಇದನ್ನು ಹೊಸ ಓಎಸ್‌ನ ದೋಷವೆಂದು ಭಾವಿಸಿ ಮತ್ತೆ ಫಾರ್ಮ್ಯಾಟ್ ಹೊಡೆಸುವವರಿದ್ದಾರೆ.

ವಿಂಡೋಸ್ 10ರ ದೊಡ್ಡ ಬಲವೆಂದರೆ ಪರಿಚಯ. ನುಡಿ, ಬರಹ, ಟ್ಯಾಲಿ, ಡಿಜಿಟಲ್ ಸಹಿಯ (ಡಿಎಸ್‌ಸಿ) ಟೋಕನ್ನಿನ ಡ್ರೈವರ್ ಎಲ್ಲವೂ ಇಲ್ಲಿ ತಕರಾರಿಲ್ಲದೆ ನಡೆಯುತ್ತವೆ. ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಕೀಲಿಮಣೆಯ ಜೊತೆಗೆ ಫೊನೆಟಿಕ್ ಕೀಲಿಮಣೆಯನ್ನೂ ಮೈಕ್ರೋಸಾಫ್ಟ್ 2019ರ ಆವೃತ್ತಿಯಿಂದ ಒಳಗೇ ಕೊಟ್ಟಿದೆ. ಕೆಲಸವಿಲ್ಲದೆ ಕುಳಿತಾಗಲೇ ಸುಮಾರು 2 ಜಿಬಿ ರ‍್ಯಾಮ್ ಬಳಸುವುದರಿಂದ 4 ಜಿಬಿ ಯಂತ್ರದಲ್ಲಿ ಬ್ರೌಸರಿಗೆ ಉಳಿಯುವುದು ಕಡಿಮೆ, 8 ಜಿಬಿಯಲ್ಲಿ ಈ ತೊಡಕು ಕಾಣಲಿಲ್ಲ. ತೊಡಕಿರುವುದು ಲೈಸೆನ್ಸಿನಲ್ಲಿ ಮತ್ತು ಅವಧಿಯಲ್ಲಿ. ಯಂತ್ರದ ತಳದಲ್ಲಿ ಅಂಟಿಸಿರುವ ವಿಂಡೋಸ್ 7ರ ಕೀಲಿಯನ್ನು ಕೊಟ್ಟು ವಿಂಡೋಸ್ 10 ಅನ್ನು ಸಕ್ರಿಯಗೊಳಿಸುವ ದಾರಿಯನ್ನು ಮೈಕ್ರೋಸಾಫ್ಟ್ 2023ರಲ್ಲಿ ಮುಚ್ಚಿತು. ಹಿಂದಿನ ಮಾಲೀಕರು ಅದಕ್ಕೂ ಮುಂಚೆ ಅಪ್‌ಗ್ರೇಡ್ ಮಾಡಿದ್ದರೆ ಮಾತ್ರ ಯಂತ್ರಕ್ಕೆ ಡಿಜಿಟಲ್ ಲೈಸೆನ್ಸ್ ಅಂಟಿಕೊಂಡಿರುತ್ತದೆ. ಆಗ ಎಷ್ಟು ಸಲ ಹೊಸದಾಗಿ ಹಾಕಿದರೂ ಅಂತರ್ಜಾಲಕ್ಕೆ ಸೇರಿದೊಡನೆ ತಾನೇ ಸಕ್ರಿಯವಾಗುತ್ತದೆ. ನನ್ನ ಯಂತ್ರಕ್ಕೆ ಆ ಭಾಗ್ಯವಿತ್ತು. ಇಲ್ಲದವರಿಗೆ ಅಂಗಡಿಯಲ್ಲಿ, ಲೈಸೆನ್ಸ್ ಇಲ್ಲದೆಯೇ ವಿಂಡೋಸನ್ನು ಸಕ್ರಿಯಗೊಳಿಸುವ ಆಕ್ಟಿವೇಟರ್ ಹಾಕಿಕೊಡುವುದುಂಟು. ಆಂಟಿವೈರಸ್ಸನ್ನು ಮೊದಲು ನಿಲ್ಲಿಸಿ ಆಮೇಲೆ ಓಡಿಸಬೇಕಾದ ಅಂಥ ಕಡತವನ್ನು ನಂಬಿ ಅದೇ ಯಂತ್ರದಲ್ಲಿ ಬ್ಯಾಂಕಿನ ಖಾತೆ ತೆರೆಯುವ ಧೈರ್ಯ ನನಗಿಲ್ಲ. ವಿಸ್ತರಿತ ಭದ್ರತಾ ಅಪ್‌ಡೇಟಿಗೆ ಮೈಕ್ರೋಸಾಫ್ಟ್ ಖಾತೆಯ ಮೂಲಕ ಹೆಸರು ನೋಂದಾಯಿಸಿದರೂ ಮನೆಬಳಕೆದಾರರಿಗೆ ಅದು ಸಿಗುವುದೆಂದು ಮೊದಲು ಘೋಷಿಸಿದ್ದು 2026ರ ಅಕ್ಟೋಬರ್‌ವರೆಗೆ.

ವಿಂಡೋಸ್ 11ರ ವಿಷಯ ಬೇಗ ಮುಗಿಯುತ್ತದೆ. ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರನ್ನು ಕೇಳುತ್ತದೆ; ಎಕ್ಸ್230ರಲ್ಲಿ ಎರಡೂ ಇಲ್ಲ. ರೂಫಸ್ ಎಂಬ ತಂತ್ರಾಂಶದಲ್ಲಿ ಓಎಸ್ ಹಾಕಲು ಪೆನ್ ಡ್ರೈವ್ ತಯಾರಿಸುವಾಗ ಈ ತಪಾಸಣೆಗಳನ್ನು ತೆಗೆಸಬಹುದು, ಓಎಸ್ ಓಡುತ್ತದೆ ಕೂಡ. ಆದರೆ ಅರ್ಹತೆಯಿಲ್ಲದ ಯಂತ್ರಕ್ಕೆ ಅಪ್‌ಡೇಟಿನ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಹೇಳಿರುವಾಗ, ಅಪ್‌ಡೇಟಿಗಾಗಿಯೇ ಓಎಸ್ ಬದಲಿಸುವವರು ಆ ಕಡೆ ಹೋಗುವುದರಲ್ಲಿ ಅರ್ಥ ಕಾಣದೆ ನಾನು ಅದನ್ನು ಸ್ಪರ್ಧೆಯಿಂದ ಹೊರಗಿಟ್ಟೆ.

ಕ್ರೋಮ್ ಓಎಸ್ ಫ್ಲೆಕ್ಸ್ 2022ರಲ್ಲಿ ಎಲ್ಲರ ಬಳಕೆಗೆ ಬಂತು. ನೆವರ್‌ವೇರ್ ಸಂಸ್ಥೆಯ ಕ್ಲೌಡ್‌ರೆಡಿಯನ್ನು ಗೂಗಲ್ ಕೊಂಡುಕೊಂಡು ಬೆಳೆಸಿದ ಓಎಸ್ ಇದು. ಹಾಕುವುದು ಇದರಷ್ಟು ಸುಲಭ ಬೇರಾವುದೂ ಅಲ್ಲ, ಏಕೆಂದರೆ ಕೇಳುವ ಪ್ರಶ್ನೆಗಳೇ ಕಡಿಮೆ. ಅದಕ್ಕೆ ತೆರುವ ಬೆಲೆ ಎಂದರೆ ಅದು ಡಿಸ್ಕನ್ನು ಪೂರ್ತಿ ಅಳಿಸುತ್ತದೆ, ವಿಂಡೋಸ್ ಪಕ್ಕದಲ್ಲಿ ಇರಲಿ ಎಂದರೆ ಒಪ್ಪುವುದಿಲ್ಲ. ಆಂಡ್ರಾಯ್ಡ್ ಆ್ಯಪ್‌ಗಳ ಪ್ಲೇ ಸ್ಟೋರ್ ಇದರಲ್ಲಿಲ್ಲ ಎಂಬುದನ್ನು ಗೂಗಲ್‌ನ ಕ್ರೋಮ್ ಓಎಸ್ ಇರುವ ಲ್ಯಾಪ್‌ಟಾಪಾದ ಕ್ರೋಮ್‌ಬುಕ್ ನೋಡಿದವರು ನೆನಪಿನಲ್ಲಿಡಬೇಕು. ಅಂತರ್ಜಾಲದಲ್ಲೇ ಎಲ್ಲ ಕೆಲಸ ಮಾಡುವವರಿಗೆ ಇದು ಅಚ್ಚುಕಟ್ಟಾಗಿದೆ, ಕನ್ನಡ ಲಿಪ್ಯಂತರದ ಟೈಪಿಂಗ್ ಕೂಡ ಸೆಟ್ಟಿಂಗ್ಸಿನಲ್ಲಿ ಸಿಗುತ್ತದೆ. ಆದರೆ ನುಡಿಯಂಥ ವಿಂಡೋಸ್ ತಂತ್ರಾಂಶಕ್ಕೆ ಇಲ್ಲಿ ಪ್ರವೇಶವಿಲ್ಲ. ಗೂಗಲ್ ಡಾಕ್ಸ್‌ಗೆ ಏರಿಸಿದ ನುಡಿ ಕಡತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಶಾಲೆಗೆ ಹೋಗುವ ಮಕ್ಕಳಿಗಾಗಿ ಯಂತ್ರ ಕೊಳ್ಳುವವರು ಇದನ್ನು ನೋಡಬಹುದು, ನನ್ನ ಮೇಜಿಗೆ ಇದು ಒಗ್ಗಲಿಲ್ಲ.

ಆಂಟಿಎಕ್ಸ್ ನಿಜಕ್ಕೂ ಹಗುರ. ಡೆಬಿಯನ್ ಎಂಬ ಲಿನಕ್ಸ್ ಆಧಾರದ ಈ ಓಎಸ್ ಖಾಲಿ ಕುಳಿತಾಗ 300 ಎಂಬಿಯೊಳಗೇ ಇರುತ್ತದೆ. 32 ಬಿಟ್ ಯಂತ್ರಕ್ಕೂ ಆವೃತ್ತಿ ಹೊರತಂದಿರುವುದು ಇದರ ಹೆಚ್ಚುಗಾರಿಕೆ. ಡೆಬಿಯನ್ ತಾನೇ 2025ರ 13ನೆಯ ಆವೃತ್ತಿಯಿಂದ 32 ಬಿಟ್ ಇನ್‌ಸ್ಟಾಲರನ್ನು ನಿಲ್ಲಿಸಿದೆ. 1 ಜಿಬಿ ರ‍್ಯಾಮಿನ ಹಳೆಯ ನೆಟ್‌ಬುಕ್ ಇರುವವರು ಬೇರೆ ಯೋಚಿಸಬೇಕಿಲ್ಲ. 8 ಜಿಬಿಯ ಎಕ್ಸ್230ರಲ್ಲಿ ಮಾತ್ರ ಈ ಉಳಿತಾಯದಿಂದ ಬಂದ ಲಾಭ ಕಾಣಲಿಲ್ಲ, ಸೆಟ್ಟಿಂಗ್‌ಗಳನ್ನು ಹುಡುಕಿ ಹೊಂದಿಸುವ ಕೆಲಸ ಹೆಚ್ಚಿತು.

ಉಳಿದದ್ದು ಲಿನಕ್ಸ್ ಮಿಂಟ್ 22ರ, ಹಗುರವಾದ ಡೆಸ್ಕ್‌ಟಾಪ್ ಇರುವ ಎಕ್ಸ್‌ಎಫ್‌ಸಿಇ ಆವೃತ್ತಿ. ಮತ್ತೊಂದು ಲಿನಕ್ಸ್ ಆದ ಉಬುಂಟು 24.04ನ್ನು ಆಧರಿಸಿದ ಇದಕ್ಕೆ 2029ರವರೆಗೆ ಅಪ್‌ಡೇಟುಗಳಿವೆ, ಲೈಸೆನ್ಸಿನ ಗೋಜಿಲ್ಲ. ಎಫ್12 ಒತ್ತಿ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕನ್ನು ಮುಟ್ಟದೆಯೇ ವೈಫೈ, ಧ್ವನಿ, ಬ್ರೈಟ್‌ನೆಸ್ ಕೀಲಿ, ಮುಚ್ಚಳ ಮುಚ್ಚಿದಾಗ ನಿದ್ರೆಗೆ ಹೋಗುವುದು ಎಲ್ಲವನ್ನೂ ಪರೀಕ್ಷಿಸಿ ನೋಡಬಹುದು. ಎಕ್ಸ್230ರ ಇಂಟೆಲ್ ವೈಫೈಗೆ ಬೇರೆ ಡ್ರೈವರ್ ಬೇಕಾಗಲಿಲ್ಲ. ಬ್ರಾಡ್‌ಕಾಮ್ ವೈಫೈ ಇರುವ ಲ್ಯಾಪ್‌ಟಾಪಾದರೆ ಡ್ರೈವರ್ ಇಳಿಸಿಕೊಳ್ಳಲು ಮೊದಲ ಸಲ ಮೊಬೈಲನ್ನು ಯುಎಸ್‌ಬಿ ಟೆದರಿಂಗ್‌ಗೆ (ಕೇಬಲ್ ಮೂಲಕ ಮೊಬೈಲಿನ ಅಂತರ್ಜಾಲ ಪಡೆಯಲು) ಇಟ್ಟುಕೊಂಡಿರುವುದು ಒಳ್ಳೆಯದು. ಪ್ರಿಂಟರ್ ವಿಷಯದಲ್ಲಿ ಎಚ್ಚರ ಬೇಕು. ಎಚ್‌ಪಿಯ ಹೆಚ್ಚಿನ ಮಾದರಿಗಳು ಚುಚ್ಚಿದೊಡನೆ ಕೆಲಸ ಮಾಡುತ್ತವೆ, ಆದರೆ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಕ್ಯಾಪ್ಟ್ ಎಂಬ ತನ್ನದೇ ಭಾಷೆಯನ್ನು ಬಳಸುವುದರಿಂದ ಅದಕ್ಕೆ ಪ್ರತ್ಯೇಕ ಡ್ರೈವರ್ ಹಾಕಿ ಹೊಂದಿಸಬೇಕು. ವಿಂಡೋಸ್‌ನಲ್ಲಿ ಈ ಶ್ರಮವಿಲ್ಲ.

ಟೈಪಿಂಗ್‌ನಲ್ಲಿ ಮಿಂಟ್ ಎರಡು ದಾರಿ ಕೊಡುತ್ತದೆ. ಕೀಲಿಮಣೆ ಸೆಟ್ಟಿಂಗ್ಸಿನಲ್ಲೇ ಇರುವ ಕಗಪ ವಿನ್ಯಾಸದಲ್ಲಿ ಒಂದು ಕೀಲಿಗೆ ಒಂದೇ ಚಿಹ್ನೆ. ಪದದ ಮೊದಲಲ್ಲಿ ಪೂರ್ಣ ಸ್ವರ ಬರಬೇಕೋ, ವ್ಯಂಜನದ ಮುಂದೆ ಸ್ವರಚಿಹ್ನೆ ಬರಬೇಕೋ ಎಂದು ಅದು ತಾನಾಗಿ ತಿಳಿಯದು. ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್ ಎಂಬ ತಂತ್ರಾಂಶದ ಜೊತೆಗೆ ಎಂ17ಎನ್ ಪ್ಯಾಕೇಜ್ ಹಾಕಿ ಅದರಲ್ಲಿರುವ ಕನ್ನಡ ಕೆಜಿಪಿಯನ್ನು ಆರಿಸಿದರೆ ಆ ವಿವೇಚನೆ ಬರುತ್ತದೆ, ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತುವ ನುಡಿಯ ಅಭ್ಯಾಸವೂ ಹಾಗೆಯೇ ನಡೆಯುತ್ತದೆ. ಬೆರಳುಗಳು ಹೊಸದೇನನ್ನೂ ಕಲಿಯಬೇಕಾಗಲಿಲ್ಲ ಎಂಬುದೇ ನನ್ನ ಮಟ್ಟಿಗೆ ಮಿಂಟ್‌ನ ಗೆಲುವು. ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ. ಓದಲು ನನಗೆ ನೋಟೊ ಸಾನ್ಸ್ ಕನ್ನಡ ಹಿತವಾಯಿತು, ಅಚ್ಚಿನ ಕರಡಿಗೆ ನವಿಲು.

ಹಳೆಯ ನುಡಿ ಕಡತಗಳ ಕಥೆ ಬೇರೆ. ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಮುಂಚಿನ ಆ ಕಡತಗಳಲ್ಲಿ ಕನ್ನಡವಿರುವುದು ಫಾಂಟಿನ ಚಿತ್ರವಾಗಿ. ನುಡಿ ಫಾಂಟನ್ನು ಮಿಂಟ್‌ಗೆ ನಕಲಿಸಿದರೆ ಲಿಬ್ರೆ ಆಫೀಸ್‌ನಲ್ಲಿ ಓದಬಹುದು, ಮುದ್ರಿಸಲೂಬಹುದು, ಆದರೆ ತಿದ್ದಲು ಹೊರಟರೆ ಕೆಲಸ ನಿಲ್ಲುತ್ತದೆ. ಹಾಗಾಗಿ ತಿದ್ದಬೇಕಾದವನ್ನು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಪರಿವರ್ತಕಗಳ ನಿಜವಾದ ಪರೀಕ್ಷೆ ಅರ್ಕಾವತ್ತಿನಲ್ಲಿದೆ: ಹಳೆಯ ಸಂಕೇತದಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ ‘ರ್’ ಮೊದಲು ಬರಬೇಕು. ‘ಕಾರ್ಯ’, ‘ವರ್ಷ’, ‘ಸರ್ಕಾರ’ ಇರುವ ಒಂದು ಪುಟವನ್ನು ಪರಿವರ್ತಿಸಿ ನೋಡಿದರೆ ಆ ಪರಿವರ್ತಕವನ್ನು ನಂಬಬಹುದೋ ಬಾರದೋ ತಿಳಿಯುತ್ತದೆ. ಕೋಷ್ಟಕಗಳಿರುವ, ನಡುನಡುವೆ ಇಂಗ್ಲಿಷ್ ಬೆರೆತಿರುವ ಕಡತಗಳಿಗಂತೂ ಈಗಲೂ ವಿಂಡೋಸ್‌ನಲ್ಲಿ ನುಡಿಯನ್ನೇ ತೆರೆಯುವುದು ಸಲೀಸು.

ವಿಡಿಯೊ ನೋಡುವಾಗ ಫ್ಯಾನ್ ಜೋರಾಗುವುದು ವಿಂಡೋಸ್‌ನಲ್ಲೂ ಮಿಂಟ್‌ನಲ್ಲೂ ಒಂದೇ. ಯೂಟ್ಯೂಬ್ ಸಾಮಾನ್ಯವಾಗಿ ಕಳಿಸುವ ವಿಪಿ9 ರೂಪವನ್ನು ಬಿಡಿಸುವ ಅಂಗ ಈ ಕಾಲದ ಇಂಟೆಲ್ ಗ್ರಾಫಿಕ್ಸ್‌ನಲ್ಲಿಲ್ಲ, ಎಚ್.264 ರೂಪಕ್ಕೆ ಇದೆ. ಅದನ್ನೇ ಕೇಳಿ ಪಡೆಯುವ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿದರೆ ಯಂತ್ರ ತಣ್ಣಗಾಗುತ್ತದೆ.

ಇವೆಲ್ಲವನ್ನೂ ತೂಗಿ ನೋಡಿ ನಾನು ಎಸ್‌ಎಸ್‌ಡಿಯ ಮುಕ್ಕಾಲು ಭಾಗವನ್ನು ಮಿಂಟ್‌ಗೆ ಬಿಟ್ಟು, ಉಳಿದದ್ದರಲ್ಲಿ ವಿಂಡೋಸ್ 10 ಅನ್ನು ನುಡಿ ಕಡತಗಳಿಗಾಗಿ, ಅಂತರ್ಜಾಲಕ್ಕೆ ಸೇರಿಸದೆ ಇಟ್ಟುಕೊಂಡಿದ್ದೇನೆ. ಹೀಗೆ ಜೋಡಿಯಾಗಿ ಇಡುವವರು ವಿಂಡೋಸನ್ನು ಮೊದಲು ಹಾಕಬೇಕು, ಮಿಂಟನ್ನು ಆಮೇಲೆ. ಕ್ರಮ ತಿರುವುಮುರುವಾದರೆ ವಿಂಡೋಸ್ ತನ್ನ ಬೂಟ್ ಲೋಡರನ್ನೇ ಮುಂದೆ ತಂದು ಮಿಂಟನ್ನು ಮರೆಮಾಡಬಹುದು. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿರಬೇಕು, ಇಲ್ಲದಿದ್ದರೆ ಅದರ ಪಾರ್ಟಿಶನ್ ಮಿಂಟ್‌ನಲ್ಲಿ ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆಯೋ ಮುಂದೆಯೋ ಹೋಗಿದ್ದರೆ ಗಾಬರಿ ಬೇಡ: ಯಂತ್ರದ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ಗ್ರೀನಿಚ್ ಸಮಯವೆಂದೂ ಓದುತ್ತವೆ, ಮಿಂಟ್‌ನ ಟರ್ಮಿನಲ್‌ನಲ್ಲಿ ಒಂದು ಸಾಲಿನ ಆದೇಶ ಕೊಟ್ಟು ಸ್ಥಳೀಯ ಸಮಯಕ್ಕೆ ಬದಲಿಸಿದರೆ ಎರಡೂ ಹೊಂದಿಕೊಳ್ಳುತ್ತವೆ.