ಮನೆಯಲ್ಲೇ ಕಟ್ಟಿದ ಮಿಡಿ-ಸಿವಿ ಪೆಟ್ಟಿಗೆ: ಬಳ್ಳಾರಿ ಬಿಸಿಲಲ್ಲಿ ಎರಡು ಬೇಸಿಗೆ

ಪ್ರೋಗ್ರಾಮ್ ಓಡಿಸುವ ಪುಟ್ಟ ಬೋರ್ಡ್ ಆರ್ಡುಯಿನೋ ನ್ಯಾನೋ ಒಂದು, ಅಂಕಿಯನ್ನು ವೋಲ್ಟೇಜ್ ಮಾಡುವ ಎಂಸಿಪಿ4822 ಡ್ಯಾಕ್ ಒಂದು, ತಂತಿ ತಾಗದೆ ಎಲ್ಇಡಿ ಬೆಳಕಿನಿಂದ ಸಿಗ್ನಲ್ ದಾಟಿಸುವ 6ಎನ್138 ಆಪ್ಟೋಕಪ್ಲರ್ ಒಂದು, ವೋಲ್ಟೇಜ್ ಹಿಗ್ಗಿಸುವ ಟಿಎಲ್072 ಆಪ್‌ಆಂಪ್ ಒಂದು. ಮಿಡಿ ಕೀಬೋರ್ಡನ್ನು ಯೂರೋರ‍್ಯಾಕ್ ಮಾಡ್ಯುಲರ್ ಸಿಂಥಸೈಜರಿಗೆ ಜೋಡಿಸಲು ಮುಖ್ಯ ಸಾಮಾನು ಇಷ್ಟೇ. ಮಿಡಿ ಕೀಬೋರ್ಡ್ ಸ್ವರವನ್ನು ಅಂಕಿಗಳಾಗಿ ಕಳಿಸುತ್ತದೆ, ಇಂಥ ಸಿಂಥಿಗೆ ಬೇಕಾದದ್ದು ವೋಲ್ಟೇಜ್, ಅಂದರೆ ಸಿವಿ; ಒಂದನ್ನು ಇನ್ನೊಂದಾಗಿ ತಿರುಗಿಸುವುದು ಈ ಪೆಟ್ಟಿಗೆಯ ಕೆಲಸ. ಎರಡು ಬೇಸಿಗೆ ದಾಟಿದ ಮೇಲೆ ಹೇಳುವುದಾದರೆ, ಇದರ ಶ್ರುತಿ ಉಳಿಯುವುದೂ ಕೆಡುವುದೂ ಎರಡು ಮೂರು ರೆಸಿಸ್ಟರುಗಳ ಮೇಲೆ, ಆಮೇಲೆ ಜಾಕಿನೊಳಗೆ ಕೂರುವ ದೂಳಿನ ಮೇಲೆ. ಕಟ್ಟುವವರು ಪ್ರೋಗ್ರಾಮಿಗೆ ವಾರಗಟ್ಟಲೆ ತಲೆ ಕೆಡಿಸಿಕೊಂಡು ಈ ರೆಸಿಸ್ಟರುಗಳನ್ನು ಡಬ್ಬಿಯಲ್ಲಿ ಸಿಕ್ಕಿದ್ದು ಹಾಕಿ ಮುಗಿಸುತ್ತಾರೆ.

ಸಾಮಾನಿನ ಮಾತು ಬೇಗ ಮುಗಿಸೋಣ. ರಾಯಚೂರಿನವರಿಗೆ ಬೆಂಗಳೂರಿನ ಎಸ್‌ಪಿ ರೋಡಿಗಿಂತ ಹೈದರಾಬಾದಿನ ಕೋಠಿ ಹತ್ತಿರ. ಐದು ಪಿನ್ನಿನ ಡಿನ್ ಸಾಕೆಟ್ ಹಳೇ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿಯಲ್ಲೂ ಸಿಗಬಹುದು. ಆದರೆ ಪಿನ್ನುಗಳು ಅರ್ಧವೃತ್ತದಲ್ಲಿರುವ 180 ಡಿಗ್ರಿಯದೇ ಬೇಕು. 240 ಡಿಗ್ರಿಯ ಇನ್ನೊಂದು ಬಗೆ ಇದೆ, ಅದಕ್ಕೆ ಮಿಡಿ ಕೇಬಲ್ ಹೋಗುವುದಿಲ್ಲ.

ಮಿಡಿ ಒಳಬರುವ ಕಡೆ: ಡಿನ್‌ನ 4ನೇ ಪಿನ್ನಿನಿಂದ 220 ಓಮ್ ಮೂಲಕ 6ಎನ್138ರ 2ನೇ ಕಾಲಿಗೆ, 5ನೇ ಪಿನ್ನಿನಿಂದ ನೇರ 3ನೇ ಕಾಲಿಗೆ. ಇವೆರಡರ ನಡುವೆ 1ಎನ್4148 ಡಯೋಡ್ ತಿರುಗುಮುರುಗಾಗಿ. ಸಾಕೆಟ್ಟನ್ನು ಮುಂದಿನಿಂದ ನೋಡಿ ಹಿಂದಿನಿಂದ ಬೆಸುಗೆ ಹಾಕುವಾಗ 4 ಮತ್ತು 5 ಅದಲುಬದಲಾಗುವುದು ಎಲ್ಲರಿಗೂ ಆಗುವ ತಪ್ಪು. ಆಗ ಒಳಗಿನ ಎಲ್‌ಇಡಿಯನ್ನು ಉಳಿಸುವುದು ಈ ಡಯೋಡೇ. 2ನೇ ಪಿನ್ ಅನ್ನು ಇಲ್ಲಿ ಗ್ರೌಂಡಿಗೆ ಸೇರಿಸಬಾರದು. ಸೇರಿಸಿದರೆ ಆಪ್ಟೋ ಹಾಕಿದ್ದೇ ವ್ಯರ್ಥ, ಕೀಬೋರ್ಡ್ ಅಡಾಪ್ಟರಿನ ಗುಂಯ್ ಸದ್ದು ಸಿಂಥಿಗೆ ಬರುತ್ತದೆ.

6ಎನ್138ರ 6ನೇ ಕಾಲಿನಿಂದ 5 ವೋಲ್ಟಿಗೆ 470 ಓಮ್, 7ನೇ ಕಾಲಿನಿಂದ ಗ್ರೌಂಡಿಗೆ 4.7ಕೆ (ಕಿಲೋಓಮ್). ಈ 7ನೇ ಕಾಲಿನ ರೆಸಿಸ್ಟರ್ ಅನೇಕ ನಕ್ಷೆಗಳಲ್ಲಿ ಇರುವುದಿಲ್ಲ. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್, ಅಂದರೆ ಒಂದು ಬಿಟ್ಟಿಗೆ 32 ಮೈಕ್ರೋಸೆಕೆಂಡ್. ಆ ರೆಸಿಸ್ಟರ್ ಇಲ್ಲದಿದ್ದರೆ ಒಳಗಿನ ಟ್ರಾನ್ಸಿಸ್ಟರ್ ಆಫ್ ಆಗಲು ತಡ ಮಾಡಿ ಬಿಟ್ಟುಗಳ ಅಂಚು ಸವೆಯುತ್ತದೆ. ಒಂದೊಂದೇ ಸ್ವರ ನುಡಿಸಿದಾಗ ಸರಿ ಇದ್ದು, ವೇಗವಾಗಿ ನುಡಿಸಿದಾಗ ಸ್ವರ ನುಂಗಿಹೋದರೆ ಮೊದಲು ನೋಡಬೇಕಾದ ಜಾಗ ಇದು. ನ್ಯಾನೋದ 16 ಮೆಗಾಹರ್ಟ್ಸ್ ಗಡಿಯಾರಕ್ಕೆ 31,250 ನಿಶ್ಶೇಷವಾಗಿ ಸಿಗುತ್ತದೆ, ಹಾಗಾಗಿ ಆ ಕಡೆ ಅನುಮಾನ ಬೇಡ. ಪ್ರೋಗ್ರಾಮ್ ಏರಿಸುವಾಗ ಮಾತ್ರ ಆಪ್ಟೋದ ತಂತಿಯನ್ನು ನ್ಯಾನೋದ ಡಿ0 ಪಿನ್ನಿನಿಂದ ತೆಗೆಯಬೇಕು, ಯುಎಸ್‌ಬಿಯೂ ಅದೇ ದಾರಿ ಬಳಸುತ್ತದೆ. ಒಂದು ಜಂಪರ್ ಇಟ್ಟರೆ ಸಾಕು.

ಎಂಸಿಪಿ4822 ಆರಿಸಲು ಕಾರಣ ಅದರೊಳಗಿನ 2.048 ವೋಲ್ಟ್ ರೆಫರೆನ್ಸ್. ಸುಲಭವಾಗಿ ಸಿಗುವ ಎಂಸಿಪಿ4725 ತನಗೆ ಬರುವ ಸಪ್ಲೈಯನ್ನೇ ರೆಫರೆನ್ಸ್ ಮಾಡಿಕೊಳ್ಳುತ್ತದೆ. ಚಾರ್ಜರ್ ಬದಲಾದರೆ ಶ್ರುತಿಯೂ ಬದಲು. 4822ರಲ್ಲಿ ಎರಡುಪಟ್ಟು ಗೇನ್ ಹಾಕಿದರೆ ಒಂದು ಹೆಜ್ಜೆ ಸರಿಯಾಗಿ 1 ಮಿಲಿವೋಲ್ಟ್, ಮಿತಿ 4.095 ವೋಲ್ಟ್. ಗೇನ್ ಬಿಟ್ಟಿನ ತರ್ಕ ಉಲ್ಟಾ: 0 ಹಾಕಿದರೆ ಎರಡುಪಟ್ಟು. ಎಲ್‌ಡಿಎಸಿ ಕಾಲನ್ನು (ಹೊಸ ಅಂಕಿಯನ್ನು ಔಟ್‌ಪುಟ್ಟಿಗೆ ಬಿಡುವ ಕಾಲು) ಗ್ರೌಂಡಿಗೆ ಕಟ್ಟಲೇಬೇಕು.

ಒಂದು ವೋಲ್ಟಿಗೆ ಒಂದು ಸಪ್ತಕ ಎಂಬ ಲೆಕ್ಕದಲ್ಲಿ 49 ಕೀಲಿಯ ಕೀಬೋರ್ಡಿಗೆ ಈ 4 ವೋಲ್ಟ್ ಸಾಕು. 61 ಕೀಲಿಗೆ ಸಾಲದು. ಅದಕ್ಕೇ ಟಿಎಲ್072ರಲ್ಲಿ ಮತ್ತೆ ಎರಡುಪಟ್ಟು ಮಾಡುವುದು: ಫೀಡ್‌ಬ್ಯಾಕಿಗೆ 10ಕೆ, ಗ್ರೌಂಡಿಗೆ 9.1ಕೆ ಜತೆ 2ಕೆಯ 25 ಸುತ್ತಿನ ಟ್ರಿಮ್ಮರ್ (ಸ್ಕ್ರೂ ತಿರುಗಿಸಿ ಬದಲಿಸುವ ರೆಸಿಸ್ಟರ್). ಒಂದು ಸುತ್ತಿಗೆ ಸಪ್ತಕಕ್ಕೆ ಸುಮಾರು 5 ಸೆಂಟ್ (ಸೆಂಟ್ ಎಂದರೆ ಅರ್ಧಸ್ವರದ ನೂರನೇ ಭಾಗ) ಬದಲಾಗುತ್ತದೆ. ಒಂದೇ ಸುತ್ತಿನ ಟ್ರಿಮ್ಮರ್ ಹಾಕಿದವರು ಸ್ಕ್ರೂಡ್ರೈವರ್ ಹಿಡಿದು ಬೈದುಕೊಳ್ಳುವುದು ಖಂಡಿತ. ರೆಸಿಸ್ಟರು 1 ಶೇಕಡದ ಮೆಟಲ್ ಫಿಲ್ಮ್. ಕಾರ್ಬನ್ ಬೇಡ, ಬಿಸಿಲೇರಿದಂತೆ ಅದರ ಓಮ್ ಜಾರುತ್ತದೆ.

ಈಗ ಅಸಲಿ ಕಿರಿಕಿರಿ. ಔಟ್‌ಪುಟ್ಟಿನಲ್ಲಿ ರಕ್ಷಣೆಗೆಂದು 1ಕೆ ಹಾಕುವುದು ರೂಢಿ. ಎದುರಿನ ಆಸಿಲೇಟರಿನ (ಸಿಂಥಿನಲ್ಲಿ ಸ್ವರ ಹುಟ್ಟಿಸುವ ಭಾಗ) ಇನ್‌ಪುಟ್ 100ಕೆ ಇದ್ದರೆ 1/101 ಭಾಗ ಆ 1ಕೆಯಲ್ಲೇ ಕಳೆದುಹೋಗಿ ಸಪ್ತಕಕ್ಕೆ 12 ಸೆಂಟ್ ತಗ್ಗುತ್ತದೆ. ಟ್ರಿಮ್ಮರಿನಿಂದ ಸರಿಪಡಿಸಬಹುದು ನಿಜ, ಆದರೆ ಮರುದಿನ ಎರಡನೇ ಆಸಿಲೇಟರ್ ಚುಚ್ಚಿದರೆ ಇನ್ನೂ 12 ತಗ್ಗುತ್ತದೆ. ಪರಿಹಾರ: 1ಕೆಯನ್ನು ಫೀಡ್‌ಬ್ಯಾಕ್ ವೃತ್ತದ ಒಳಗೆ ಸೇರಿಸಿ, ಫೀಡ್‌ಬ್ಯಾಕ್ ತಂತಿಯನ್ನು ಜಾಕಿನ ತುದಿಯಿಂದ ತೆಗೆದುಕೊಳ್ಳಬೇಕು. ಆಪ್‌ಆಂಪ್ ನಡುಗದಂತೆ ಅದರ ಔಟ್‌ಪುಟ್ಟಿನಿಂದ ಮೈನಸ್ ಇನ್‌ಪುಟ್ಟಿಗೆ 100 ಪಿಕೋಫ್ಯಾರಡ್ ಕೆಪಾಸಿಟರ್. ಕೀಲಿ ಒತ್ತಿದೆಯೇ ಇಲ್ಲವೇ ಎಂದು ಹೇಳುವ ಗೇಟ್ ಸಿಗ್ನಲ್ಲಿಗೆ ಈ ಉಪಚಾರ ಬೇಕಿಲ್ಲ, ನೇರ 1ಕೆ ಸಾಕು.

ಶ್ರುತಿ ಹೊಂದಿಸಲು ಸಾಮಾನ್ಯ ಮೂರೂವರೆ ಅಂಕಿಯ ಮಲ್ಟಿಮೀಟರ್ ನಂಬಬೇಡಿ. 20 ವೋಲ್ಟ್ ಸ್ಥಾನದಲ್ಲಿ ಅದರ ಹೆಜ್ಜೆಯೇ 10 ಮಿಲಿವೋಲ್ಟ್, ಅಂದರೆ 12 ಸೆಂಟ್. ಫೋನಿನ ಟ್ಯೂನರ್ ಆಪ್ ಅದಕ್ಕಿಂತ ಮೇಲು. ಹೊಂದಿಸುವ ಹೊತ್ತೂ ಮುಖ್ಯ. 4822ರ ರೆಫರೆನ್ಸ್ ಡಿಗ್ರಿಗೆ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಜರುಗುತ್ತದೆ ಎಂದು ಡೇಟಾಶೀಟ್ ಹೇಳುತ್ತದೆ. ಬೆಳಗಿನ 25 ಡಿಗ್ರಿಯಲ್ಲಿ ಹೊಂದಿಸಿ ಮಧ್ಯಾಹ್ನ ತಗಡಿನ ಕೆಳಗೆ 45ರಲ್ಲಿ ನುಡಿಸಿದರೆ ಸಪ್ತಕಕ್ಕೆ 1.2 ಸೆಂಟ್ ವ್ಯತ್ಯಾಸ, ನಾಲ್ಕು ಸಪ್ತಕ ಮೇಲೆ ಸುಮಾರು 5. ಅನಲಾಗ್ ಆಸಿಲೇಟರ್ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಓಡುತ್ತದೆ, ಹಾಗಾಗಿ ಪೆಟ್ಟಿಗೆಯನ್ನು ಬೈಯುವ ಮೊದಲು ಅದನ್ನು ನೋಡಿ. ನುಡಿಸುವ ಹೊತ್ತಿಗೆ, ಅರ್ಧ ಗಂಟೆ ಆನ್ ಇಟ್ಟು ಹೊಂದಿಸುವುದೇ ಸರಿ. ನ್ಯಾನೋಗೆ 12 ವೋಲ್ಟ್ ನೇರ ಕೊಡದೆ ಹೊರಗಡೆ 7805 (5 ವೋಲ್ಟ್ ರೆಗ್ಯುಲೇಟರ್) ಇಟ್ಟರೆ ಡ್ಯಾಕಿನ ಪಕ್ಕದ ಬಿಸಿಯೂ ಕಡಿಮೆ.

ಪ್ರೋಗ್ರಾಮಿನಲ್ಲಿ ಕಾಡಿದ್ದು ಎರಡೇ. ಕೆಲ ಕೀಬೋರ್ಡುಗಳು ಕೈ ಎತ್ತಿದಾಗ ನೋಟ್-ಆಫ್ ಕಳಿಸದೆ ವೆಲಾಸಿಟಿ (ಕೀಲಿ ಒತ್ತಿದ ರಭಸ) 0 ಇರುವ ನೋಟ್-ಆನ್ ಕಳಿಸುತ್ತವೆ. ಅದನ್ನು ಆಫ್ ಎಂದು ಓದದಿದ್ದರೆ ಸ್ವರ ನಿಲ್ಲುವುದೇ ಇಲ್ಲ. ಇನ್ನೊಂದು: ಸ್ವರದ ಕ್ರಮಸಂಖ್ಯೆಯನ್ನು (ಎಲ್ಲಕ್ಕಿಂತ ಕೆಳಗಿನ ಕೀಲಿಗೆ 0) 1000ದಿಂದ ಗುಣಿಸಿ 24ರಿಂದ ಭಾಗಿಸಿದರೆ ಡ್ಯಾಕಿನ ಅಂಕಿ ಸಿಗುತ್ತದೆ, ಆದರೆ ನ್ಯಾನೋದ ಇಂಟ್ 32,767ಕ್ಕೆ ತುಂಬಿಹೋಗುತ್ತದೆ. ಎರಡೂಮುಕ್ಕಾಲು ಸಪ್ತಕ ಸರಿಯಾಗಿ ನುಡಿದು ಆಮೇಲೆ ಹುಚ್ಚುಸ್ವರ ಬಂದರೆ ಕಾರಣ ಇದೇ. ಲಾಂಗ್ ಬಳಸಿ.

ಪೇಟಿಗೆ ಹೊಂದಿಕೊಂಡ ಕಿವಿಗೆ ಸಪ್ತಕವನ್ನು 12 ಸಮಭಾಗ ಮಾಡುವ ಈ ಶ್ರುತಿ ಸಾಕು. ತಂಬೂರಿಯ ಜೊತೆ ನುಡಿಸುವವರು ಈ ಲೆಕ್ಕದ ಬದಲು 12 ಅಂಕಿಯ ಪಟ್ಟಿ ಇಟ್ಟುಕೊಳ್ಳಬಹುದು: ಶುದ್ಧ ಗಾಂಧಾರವನ್ನು (ಕರ್ನಾಟಕ ಪದ್ಧತಿಯಲ್ಲಿ ಅಂತರ ಗಾಂಧಾರ) ಷಡ್ಜದ 5/4ಕ್ಕೆ ತರಲು ಸುಮಾರು 14 ಸೆಂಟ್, ಅಂದರೆ ಡ್ಯಾಕಿನಲ್ಲಿ 6 ಹೆಜ್ಜೆ (ಎರಡುಪಟ್ಟಾದ ಮೇಲೆ ಹೆಜ್ಜೆಗೆ 2 ಮಿಲಿವೋಲ್ಟ್) ಇಳಿಸಿದರಾಯಿತು. ಅಂಗಡಿಯ ಅನೇಕ ಮಾಡ್ಯೂಲುಗಳಲ್ಲಿ ಇಷ್ಟು ಸಲೀಸಾಗಿ ಕೈ ಆಡಿಸಲಾಗದು. ಈ ಪೆಟ್ಟಿಗೆ ಕಟ್ಟಲು ಇದೊಂದೇ ಕಾರಣ ಸಾಕು. ಇದು ಬೇಡದವರು, ಸಿವಿ ಔಟ್‌ಪುಟ್ ಇರುವ ಆರ್ಟುರಿಯಾ ಕೀಸ್ಟೆಪ್ ಕೀಬೋರ್ಡ್ ಮನೆಯಲ್ಲಿದ್ದರೆ, ಬೆಸುಗೆ ಹಾಕುವ ಶ್ರಮ ಪಡಬೇಕಿಲ್ಲ.

ಕರೆಂಟ್ ಹೋದಾಗ ಒಂದು ವಿಚಿತ್ರ. ಸಿಂಥ್ ಇನ್ವರ್ಟರಿನ ಮೇಲೂ ಕೀಬೋರ್ಡ್ ನೇರ ಲೈನಿನ ಮೇಲೂ ಇದ್ದರೆ, ಒತ್ತಿಹಿಡಿದ ಸ್ವರಕ್ಕೆ ನೋಟ್-ಆಫ್ ಬರುವುದೇ ಇಲ್ಲ, ಗೇಟ್ ಮೇಲೆಯೇ ನಿಂತು ಸಿಂಥ್ ಕೂಗುತ್ತಲೇ ಇರುತ್ತದೆ. ಆಕ್ಟಿವ್ ಸೆನ್ಸಿಂಗ್ (ಇನ್ನೂ ಇದ್ದೇನೆ ಎಂದು ಆಗಾಗ ಹೇಳುವ ಸಂದೇಶ) ಕಳಿಸುವ ಕೀಬೋರ್ಡಾದರೆ 300 ಮಿಲಿಸೆಕೆಂಡ್ ಏನೂ ಬರದಿದ್ದಾಗ ಗೇಟ್ ಇಳಿಸುವಂತೆ ಬರೆಯಬಹುದು. ಎಲ್ಲ ಕೀಬೋರ್ಡೂ ಕಳಿಸುವುದಿಲ್ಲ, ಆದ್ದರಿಂದ ಎಲ್ಲ ಸ್ವರ ನಿಲ್ಲಿಸುವ ಒಂದು ಗುಂಡಿಯೂ ಇರಲಿ. ಗೇಟ್ ಪಿನ್ನಿನಿಂದ ಗ್ರೌಂಡಿಗೆ 100ಕೆ ಹಾಕಿದರೆ ನ್ಯಾನೋ ಮತ್ತೆ ಏಳುವಾಗ ಸುಳ್ಳು ಸ್ವರ ಹುಟ್ಟುವುದಿಲ್ಲ.

ಕೊನೆಗೆ ದೂಳು. ಸಂಡೂರು, ಬಳ್ಳಾರಿ ಕಡೆಯ ಅದಿರಿನ ಕೆಂಪು ದೂಳು 3.5 ಮಿಲಿಮೀಟರ್ ಜಾಕಿನೊಳಗೆ ಸೇರಿದರೆ ಸಂಪರ್ಕದಲ್ಲಿ ರೆಸಿಸ್ಟೆನ್ಸ್ ಬೆಳೆಯುತ್ತದೆ. 100 ಓಮ್ ಬೆಳೆದರೂ ಸಪ್ತಕಕ್ಕೆ 1.2 ಸೆಂಟ್ ಹೋಯಿತು; ಅದು ಜಾಕಿನ ಆಚೆ ಇರುವುದರಿಂದ ಫೀಡ್‌ಬ್ಯಾಕ್ ಉಪಾಯವೂ ಕೆಲಸ ಮಾಡದು. ಬಳಸದ ಜಾಕುಗಳಿಗೆ ಮುಚ್ಚಳ, ತಿಂಗಳಿಗೊಮ್ಮೆ ಪ್ಲಗ್ಗಿನ ತುದಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿ ನಾಲ್ಕು ಸಲ ಹಾಕಿ ತೆಗೆಯುವುದು. ಟ್ರಿಮ್ಮರಿನ ಸ್ಕ್ರೂ ಮೇಲೆ ಒಂದು ಹನಿ ಉಗುರುಬಣ್ಣ.